ಬೂದಿ ಇಟ್ಟಿಗೆಯಲ್ಲಿ ಪಾದರಸ ಇದೆಯಾ?

ಇವತ್ತಿನ ವಿಷಯ ನಾನು ಹುಡುಕಿದ್ದಲ್ಲ. ನಮ್ಮ ಚಿಕ್ಕಪ್ಪ ಕೊಟ್ಟಿದ್ದು.

ಅವರು ಕೊರಟಗೆರೆ ಕಡೆ ಮನೆ ಕಟ್ಟಿಸ್ತಾ ಇದ್ದಾರೆ. ಪಾಯ ಮುಗಿದಿದೆ, ಗೋಡೆ ಏಳಬೇಕು. ಮೇಸ್ತ್ರಿ ಬೂದಿ ಇಟ್ಟಿಗೆ ಹಾಕೋಣ, ಬೆಲೆನೂ ಕಮ್ಮಿ, ಗಾರೆನೂ ಕಮ್ಮಿ ಹಿಡಿಯುತ್ತೆ ಅಂದಿದ್ದಾನೆ. ಇವರು ಒಪ್ಪಿಕೊಂಡು ಮುಂಗಡವನ್ನೂ ಕೊಟ್ಟಿದ್ದಾರೆ. ಅಷ್ಟರಲ್ಲಿ ಯಾರೋ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದಾರೆ. ಭಾನುವಾರ ಬೆಳಗ್ಗೆ ಆರೂವರೆಗೆ ನನಗೆ ಫೋನು. "ಏನಪ್ಪಾ, ದಿನಾ ಟೀವೀಲಿ ಕೂತು ಊರೋರ ವಿಷಯ ಎಲ್ಲಾ ಹೇಳ್ತೀಯಲ್ಲ, ಇದೊಂದು ಹೇಳು. ಬೂದಿ ಇಟ್ಟಿಗೇಲಿ ಪಾದರಸ ಐತಂತೆ. ಮನೇಲಿ ಎರಡು ವರ್ಷದ ಮಗು ಐತೆ ಕಣೋ. ಕಟ್ಟಬೋದೋ, ಬಿಡಬೇಕೋ?"

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಥರ್ಮಲ್ ಸ್ಥಾವರದ ಮೇಲೆ ಒಂದು ಇಡೀ ಸೆಮಿಸ್ಟರ್ ಪಾಠ ಕೇಳಿದ್ದೀನಿ, ಪರೀಕ್ಷೆ ಬರೆದಿದ್ದೀನಿ, ಪಾಸೂ ಆಗಿದ್ದೀನಿ. ಆದರೂ ಚಿಕ್ಕಪ್ಪನ ಪ್ರಶ್ನೆಗೆ ಫೋನಿನಲ್ಲಿ ನನ್ನ ಹತ್ತಿರ ಉತ್ತರ ಇರಲಿಲ್ಲ. "ಒಂದು ವಾರ ಟೈಮ್ ಕೊಡಿ ಚಿಕ್ಕಪ್ಪಾ" ಅಂದೆ. ಆ ವಾರ ಓದಿ, ಲೆಕ್ಕ ಹಾಕಿ ತಿಳಿದುಕೊಂಡಿದ್ದನ್ನೇ ಇಲ್ಲಿ ಹೇಳ್ತಾ ಇದ್ದೀನಿ.

ಮೊದಲು ಒಂದು ಮಾತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿನಲ್ಲಿ ಕಲ್ಲಿದ್ದಲು ಸುಡುವ ಒಂದೇ ಒಂದು ವಿದ್ಯುತ್ ಸ್ಥಾವರ ಇಲ್ಲ. ಇರೋದು ಅದಕ್ಕೆ ಪೂರಾ ಉಲ್ಟಾ. ಪಾವಗಡದ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಸುತ್ತಮುತ್ತ ಹದಿಮೂರು ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2050 ಮೆಗಾವ್ಯಾಟ್. ರೈತರು ಭೂಮಿ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಲೆಕ್ಕದಲ್ಲಿ ಗುತ್ತಿಗೆಗೆ ಕೊಟ್ಟರು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಾಗ ಅದಕ್ಕೆ ಇಟ್ಟ ಹೆಸರು ಶಕ್ತಿಸ್ಥಳ. ಸರಿ, ಹಾಗಾದರೆ ಪಾದರಸದ ಗೋಳು ನಮಗ್ಯಾಕೆ?

ಯಾಕೆ ಅಂದರೆ ಸಂಜೆ ಆರೂವರೆಗೆ ಸೂರ್ಯ ಮುಳುಗುತ್ತಾನೆ, ನಮ್ಮ ಮನೆ ಲೈಟು ಹತ್ತೋದು ಆಮೇಲೆ. ಪಾವಗಡದ ಊರುಗಳಿಗೂ ರಾತ್ರಿ ಬರುವ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲು ಇದ್ದೇ ಇದೆ. ರಾಜ್ಯ ಸರ್ಕಾರದ ಕೆಪಿಸಿಎಲ್ ಒಂದರ ಹತ್ತಿರವೇ ಮೂರು ದೊಡ್ಡ ಥರ್ಮಲ್ ಸ್ಥಾವರಗಳಿವೆ. ರಾಯಚೂರು ಹತ್ತಿರದ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್, ಬಳ್ಳಾರಿಯ ಕುಡತಿನಿಯಲ್ಲಿ 1700, ಯರಮರಸ್‌ನಲ್ಲಿ 1600. ಒಟ್ಟು 5020. ಇದಲ್ಲದೆ ಎನ್‌ಟಿಪಿಸಿಯ ಕೂಡಗಿ ಇದೆ, ಉಡುಪಿ ಇದೆ. ಕುಡತಿನಿಯಿಂದ ಪಾವಗಡಕ್ಕೆ ಹಕ್ಕಿ ಹಾರಿದರೆ ನೂರೈವತ್ತು ಕಿಲೋಮೀಟರೂ ಆಗಲ್ಲ. ಅಲ್ಲಿ ಶಕ್ತಿನಗರ, ಇಲ್ಲಿ ಶಕ್ತಿಸ್ಥಳ. ಹೆಸರಲ್ಲಿ ಅಣ್ಣತಮ್ಮ, ಕೆಲಸದಲ್ಲಿ ಹಗಲು ರಾತ್ರಿ. ರಾತ್ರಿ ಕೆಲಸದವನು ಬಿಟ್ಟು ಹೋಗುವ ಬೂದಿ ಲಾರಿಯಲ್ಲಿ ನಮ್ಮೂರಿಗೆ ಬಂದು ಇಟ್ಟಿಗೆ ಆಗುತ್ತೆ, ಸಿಮೆಂಟು ಆಗುತ್ತೆ. ಅಲ್ಲಿಗೆ ವಿಷಯ ನಮ್ಮ ಮನೆ ಗೋಡೆಗೇ ಬಂತು.

ಕೊನೇ ವರ್ಷದಲ್ಲಿ ನಮ್ಮನ್ನು ಕಾಲೇಜಿನವರು ಶಕ್ತಿನಗರಕ್ಕೆ ಕರೆದುಕೊಂಡು ಹೋಗಿದ್ದರು. ಹಳದಿ ಹೆಲ್ಮೆಟ್ ಹಾಕಿಕೊಂಡು ಬಾಯ್ಲರ್ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೇ ಹೆಚ್ಚು. ಆದರೆ ಒಂದು ವಿಷಯ ತಲೆಯಲ್ಲಿ ಉಳಿದಿದೆ. ಚಿಮಣಿಯಿಂದ ಕಪ್ಪು ಹೊಗೆ ಬರಲೇ ಇಲ್ಲ. ಸಿನಿಮಾದಲ್ಲಿ ನೋಡುವ ಹಾಗೆ ಭುಸುಭುಸು ಅಂತ ಹೊಗೆ ಇರುತ್ತೆ ಅಂದುಕೊಂಡಿದ್ದೆವು. ಅಲ್ಲಿದ್ದ ಇಂಜಿನಿಯರ್ ಹೆಮ್ಮೆಯಿಂದ ಹೇಳಿದರು, ನೂರಕ್ಕೆ ತೊಂಬತ್ತೊಂಬತ್ತು ಪಾಲು ಬೂದಿಯನ್ನು ನಾವು ಹಿಡಿದುಬಿಡ್ತೀವಿ, ಅದಕ್ಕೇ ಹೊಗೆ ಕಾಣಲ್ಲ ಅಂತ. ಅವರು ಹೇಳಿದ್ದು ನಿಜವೇ. ಹೊಗೆ ಕಾಣದಿದ್ದರೆ ಏನೂ ಹೋಗುತ್ತಿಲ್ಲ ಅಂತ ನಾವು ಅಂದುಕೊಂಡಿದ್ದು ಮಾತ್ರ ತಪ್ಪು. ಕಣ್ಣಿಗೆ ಕಾಣದೆ ಹೋಗುವುದರಲ್ಲಿ ಪಾದರಸವೂ ಒಂದು.

ಕಲ್ಲಿದ್ದಲಿನಲ್ಲಿ ಪಾದರಸ ಎಲ್ಲಿಂದ ಬಂತು? ಅದು ಭೂಮಿಯೊಳಗೇ ಇದೆ. ಕೋಟ್ಯಂತರ ವರ್ಷ ಮಣ್ಣಿನಡಿ ಕೂತು ಗಿಡಮರ ಕಲ್ಲಿದ್ದಲಾಗುವಾಗ ಸುತ್ತಲಿನ ಖನಿಜಗಳ ಜೊತೆ, ಮುಖ್ಯವಾಗಿ ಗಂಧಕ ಇರುವ ಖನಿಜಗಳ ಜೊತೆ, ಒಂದು ಚೂರು ಪಾದರಸವೂ ಸೇರಿಕೊಂಡಿದೆ. ನಮ್ಮ ದೇಶದ ವಿದ್ಯುತ್ ಸ್ಥಾವರಗಳ ಕಲ್ಲಿದ್ದಲಿನಲ್ಲಿ ಸರಾಸರಿ ಟನ್ನಿಗೆ ಹೆಚ್ಚುಕಡಿಮೆ 0.14 ಗ್ರಾಂ. ಒಂದು ಟನ್ ಅಂದರೆ ಹತ್ತು ಲಕ್ಷ ಗ್ರಾಂ, ಅದರಲ್ಲಿ ಒಂದು ಗ್ರಾಂನ ಏಳನೇ ಒಂದು ಭಾಗ. ಇಷ್ಟಕ್ಕೆ ಇಷ್ಟು ಗಲಾಟೆಯಾ ಅನ್ನಿಸುತ್ತೆ ಅಲ್ವಾ?

ಲೆಕ್ಕ ಹಾಕೋಣ. ನಮ್ಮ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಬೇಕು. ಸಾವಿರ ಮೆಗಾವ್ಯಾಟಿನ ಸ್ಥಾವರ ಪೂರ್ತಿ ಹೊರೆಯಲ್ಲಿ ಒಂದು ದಿನ ಓಡಿದರೆ 2 ಕೋಟಿ 40 ಲಕ್ಷ ಯೂನಿಟ್. ಅಂದರೆ ಹದಿನಾರು, ಹದಿನೇಳು ಸಾವಿರ ಟನ್ ಕಲ್ಲಿದ್ದಲು. ಅದರೊಳಗೆ ಎರಡು ಕೆಜಿಗೂ ಮೀರಿ ಪಾದರಸ. ಒಂದು ಸ್ಥಾವರ, ಒಂದು ದಿನ, ಎರಡು ಕೆಜಿ. ದೇಶದಲ್ಲಿ ಇರೋದು ಎರಡು ಲಕ್ಷ ಮೆಗಾವ್ಯಾಟ್ ದಾಟಿದ ಕಲ್ಲಿದ್ದಲು ಸ್ಥಾವರಗಳು. ಈಗ ಗಲಾಟೆ ಯಾಕೆ ಅಂತ ಗೊತ್ತಾಯ್ತು.

ಒಲೆಯೊಳಗೆ ಏನಾಗುತ್ತೆ ನೋಡಿ. ಪಾದರಸ 357 ಡಿಗ್ರಿಗೇ ಕುದಿದು ಆವಿಯಾಗುತ್ತೆ. ಬಾಯ್ಲರಿನ ಬೆಂಕಿ ಸಾವಿರದ ಇನ್ನೂರು, ಮುನ್ನೂರು ಡಿಗ್ರಿಗೂ ಮೇಲೆ. ಅಲ್ಲಿ ಕಲ್ಲಿದ್ದಲಿನ ಪಾದರಸ ಪೂರ್ತಿ ಆವಿ. ಆ ಬಿಸಿ ಗಾಳಿ ನೀರನ್ನು ಕಾಯಿಸಿ, ಕೊಳವೆಗಳನ್ನು ದಾಟಿ, ನೂರಮೂವತ್ತು, ನೂರೈವತ್ತು ಡಿಗ್ರಿಗೆ ತಣ್ಣಗಾಗುತ್ತಾ ಚಿಮಣಿ ಕಡೆ ಬರುವಷ್ಟರಲ್ಲಿ ಪಾದರಸ ಮೂರು ವೇಷ ಹಾಕಿರುತ್ತೆ.

ಒಂದಿಷ್ಟು, ಸುಡದೆ ಉಳಿದ ಇದ್ದಿಲಿನ ಕಣಗಳಿಗೆ, ಬೂದಿಗೆ ಅಂಟಿಕೊಳ್ಳುತ್ತೆ. ಇದನ್ನು ಬೂದಿ ಹಿಡಿಯುವ ಯಂತ್ರವೇ ಹಿಡಿದುಬಿಡುತ್ತೆ. ವಿದ್ಯುತ್ ಚಾರ್ಜ್ ಕೊಟ್ಟು ಬೂದಿಯನ್ನು ತಗಡುಗಳಿಗೆ ಅಂಟಿಸುವ ಯಂತ್ರ ಅದು, ಇಎಸ್‌ಪಿ ಅಂತಾರೆ. ಇನ್ನೊಂದಿಷ್ಟು ಕ್ಲೋರಿನ್ ಜೊತೆ ಸೇರಿ ಲವಣ ಆಗುತ್ತೆ. ಈ ಲವಣ ನೀರಿನಲ್ಲಿ ಕರಗುತ್ತೆ. ಆದ್ದರಿಂದ ಹೊಗೆಯನ್ನು ನೀರಿನಲ್ಲಿ ತೊಳೆದರೆ ಇದೂ ಸಿಕ್ಕಿಬೀಳುತ್ತೆ. ಮೂರನೆಯದು ಯಾರ ಜೊತೆಗೂ ಸೇರದೆ ಬರೀ ಪಾದರಸದ ಆವಿಯಾಗಿಯೇ ಉಳಿಯುತ್ತೆ. ಇದು ಬೂದಿಗೆ ಅಂಟಲ್ಲ, ನೀರಿಗೆ ಕರಗಲ್ಲ, ಸೀದಾ ಚಿಮಣಿಯಿಂದ ಹೊರಗೆ. ತುಂಟ ಹುಡುಗನನ್ನು ಪಾದರಸದ ಥರ ಅಂತೀವಲ್ಲ, ಈ ಮೂರನೆಯವನನ್ನು ನೋಡಿಯೇ ಹೇಳಿರಬೇಕು.

ನಮ್ಮ ದುರಾದೃಷ್ಟ ಏನಂದರೆ ಭಾರತದ ಕಲ್ಲಿದ್ದಲಿನಲ್ಲಿ ಕ್ಲೋರಿನ್ ಕಮ್ಮಿ. ಹಾಗಾಗಿ ಎರಡನೇ ವೇಷ ಹಾಕುವವರು ಕಮ್ಮಿ, ಮೂರನೇ ವೇಷದವರು ಜಾಸ್ತಿ. ಅದೃಷ್ಟವೂ ಇದೆ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ವಿಪರೀತ, ನೂರಕ್ಕೆ ಮೂವತ್ತೈದು, ನಲವತ್ತು. ಬೂದಿ ಜಾಸ್ತಿ ಇದ್ದರೆ ಅಂಟಿಕೊಳ್ಳಲು ಜಾಗವೂ ಜಾಸ್ತಿ.

ಹೊರಗೆ ಹೋದ ಪಾದರಸ ಅಲ್ಲೇ ಪಕ್ಕದ ಊರಿನ ಮೇಲೆ ಬೀಳುತ್ತೆ ಅಂದುಕೊಳ್ಳಬೇಡಿ. ಲವಣವಾಗಿದ್ದು, ಕಣಕ್ಕೆ ಅಂಟಿದ್ದು ಹತ್ತಿರದಲ್ಲಿ ಮಳೆಯ ಜೊತೆ ಇಳಿಯುತ್ತೆ. ಬರೀ ಆವಿ ಮಾತ್ರ ತಿಂಗಳುಗಟ್ಟಲೆ ಗಾಳಿಯಲ್ಲೇ ಸುತ್ತುತ್ತೆ. ಎಲ್ಲೋ ಹೊರಟದ್ದು ಇನ್ನೆಲ್ಲೋ ಕೆರೆಗೆ ಇಳಿಯುತ್ತೆ. ಕೆರೆಯ ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸ ಮಾಡುತ್ತವೆ. ಅಪಾಯ ಶುರುವಾಗುವುದು ಇಲ್ಲಿ. ನೀರಿನಲ್ಲಿ ಅಳತೆಗೂ ಸಿಗದಷ್ಟು ಇರುವುದು ಪಾಚಿಗೆ ಬರುತ್ತೆ, ಪಾಚಿ ತಿನ್ನುವ ಹುಳಕ್ಕೆ ಬರುತ್ತೆ, ಹುಳ ತಿನ್ನುವ ಸಣ್ಣ ಮೀನಿಗೆ, ಅದನ್ನು ತಿನ್ನುವ ದೊಡ್ಡ ಮೀನಿಗೆ. ಪ್ರತಿ ಮೆಟ್ಟಿಲಿನಲ್ಲೂ ಸಾಂದ್ರತೆ ಏರುತ್ತೆ. ಕೊನೇ ಮೆಟ್ಟಿಲಿನಲ್ಲಿ ನಾವಿದ್ದೀವಿ. ಗರ್ಭಿಣಿ ತಿಂದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ಹೋಗುತ್ತೆ. ತಾಯಿಗೆ ಏನೂ ಆಗಿಲ್ಲ ಅನ್ನುವಾಗಲೂ ಮಗುವಿಗೆ ಆಗಿರಬಹುದು.

ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಜಗತ್ತಿಗೆ ಇದು ಗೊತ್ತಾಯಿತು. ಅಲ್ಲಿ ಚಿಮಣಿ ಅಲ್ಲ, ಚಿಸ್ಸೋ ಅನ್ನುವ ರಾಸಾಯನಿಕ ಕಾರ್ಖಾನೆಯ ಪೈಪು ಕೊಲ್ಲಿಗೆ ಬಿಟ್ಟ ನೀರು. ಮೀನು ತಿಂದ ಬೆಕ್ಕುಗಳು ಹುಚ್ಚು ಹಿಡಿದ ಹಾಗೆ ಕುಣಿದು ಸತ್ತವು, ಆಮೇಲೆ ಮನುಷ್ಯರ ಕೈಕಾಲು ಸೆಟೆದುಕೊಂಡವು. ಅದೇ ಊರಿನ ಹೆಸರಿನಲ್ಲಿ 2013ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಭಾರತ 2018ರ ಜೂನ್‌ನಲ್ಲಿ ಅದನ್ನು ಅನುಮೋದಿಸಿತು. ನಮ್ಮಲ್ಲಿ ಉದಾಹರಣೆ ಬೇಕಾದರೆ ಉತ್ತರ ಪ್ರದೇಶದ ಸೋನಭದ್ರ. ಸಾಲಾಗಿ ಥರ್ಮಲ್ ಸ್ಥಾವರಗಳಿರುವ ಜಿಲ್ಲೆ. 2012ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ಅಲ್ಲಿನ ಜನರ ರಕ್ತ, ಕೂದಲು, ನೀರು, ಮೀನು ಪರೀಕ್ಷೆ ಮಾಡಿಸಿದಾಗ ರಕ್ತದ ಬಹುಪಾಲು ಮಾದರಿಗಳಲ್ಲಿ ಮಿತಿಗಿಂತ ಹೆಚ್ಚು ಪಾದರಸ ಇತ್ತು.

ಪಾವಗಡದವರಿಗೆ, ಸಿರಾದವರಿಗೆ ಇಂಥ ನಿಧಾನ ವಿಷ ಹೊಸದಲ್ಲ. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದವರನ್ನು, ಮಂಡಿ ಬಾಗಿದವರನ್ನು ಊರೂರಲ್ಲಿ ನೋಡಿದ್ದೀವಿ. ಲೋಟದಲ್ಲಿ ನೀರು ತಿಳಿಯಾಗಿಯೇ ಇತ್ತು. ನಮ್ಮ ಟೀವಿಯವರ ಕಷ್ಟವೂ ಇದೇ. ಬೆಂಕಿ ಬಿದ್ದರೆ ಬ್ರೇಕಿಂಗ್ ನ್ಯೂಸ್. ಮೂವತ್ತು ವರ್ಷ ತೆಗೆದುಕೊಂಡು ಮಂಡಿ ಬಾಗಿದರೆ ಅದು ಯಾವ ದಿನದ ಸುದ್ದಿ ಅಂತ ಹಾಕೋದು?

ಹಿಡಿಯೋದು ಹೇಗೆ ಅನ್ನೋದಕ್ಕೆ ಬರೋಣ. ಎರಡು ದಾರಿ. ಮೊದಲನೆಯದು, ಬೇರೆ ಕೆಲಸಕ್ಕೆ ಇಟ್ಟ ಯಂತ್ರವೇ ಪಾದರಸವನ್ನೂ ಹಿಡಿಯೋದು. ಬೂದಿ ಯಂತ್ರದ ಮಾತು ಆಯಿತು. ಗಂಧಕದ ಹೊಗೆ ತಡೆಯಲು ಸುಣ್ಣಕಲ್ಲಿನ ಹಿಟ್ಟು ಕಲಸಿದ ನೀರಿನಲ್ಲಿ ಹೊಗೆಯನ್ನು ತೊಳೆಯುವ ಘಟಕ ಇರುತ್ತೆ, ಎಫ್‌ಜಿಡಿ. ಅದರಲ್ಲಿ ಪಾದರಸದ ಲವಣವೂ ಕರಗಿ ನಿಲ್ಲುತ್ತೆ. ಕಲ್ಲಿದ್ದಲಿಗೆ ಒಂದು ಚೂರು ಬ್ರೋಮಿನ್ ಲವಣ ಚಿಮುಕಿಸಿದರೆ ಮೂರನೇ ವೇಷದವರು ಎರಡನೇ ವೇಷಕ್ಕೆ ಬರುತ್ತಾರೆ, ಆಗ ತೊಳೆಯೋದು ಸುಲಭ.

ಎರಡನೆಯದು ಪಾದರಸಕ್ಕೆ ಅಂತಲೇ ಮಾಡಿದ ದಾರಿ. ಹೊಗೆಯ ಕೊಳವೆಯೊಳಗೆ ಆಕ್ಟಿವೇಟೆಡ್ ಕಾರ್ಬನ್ ಪುಡಿ ಊದೋದು. ಅದು ಬೇರೇನಲ್ಲ, ಮೈತುಂಬಾ ಸೂಕ್ಷ್ಮ ತೂತುಗಳಿರುವ ಇದ್ದಿಲು. ಒಂದು ಗ್ರಾಂ ಪುಡಿಯ ತೂತುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ದೊಡ್ಡ ಸೈಟಿನಷ್ಟು ಜಾಗ ಆಗುತ್ತೆ. ಪಾದರಸದ ಆವಿ ಆ ತೂತುಗಳಲ್ಲಿ ಸಿಕ್ಕಿಕೊಳ್ಳುತ್ತೆ. ಪುಡಿಯನ್ನು ಮುಂದೆ ಬಟ್ಟೆಯ ಚೀಲಗಳಲ್ಲಿ ಸೋಸಿ ತೆಗೀತಾರೆ. ಅಮೆರಿಕದಲ್ಲಿ 2012ರಿಂದ ಪಾದರಸಕ್ಕೆ ಬಿಗಿ ಕಾನೂನು ಬಂದ ಮೇಲೆ ಸ್ಥಾವರಗಳು ಈ ದಾರಿ ಹಿಡಿದವು. ಹತ್ತು ವರ್ಷದೊಳಗೆ ಅಲ್ಲಿನ ಕಲ್ಲಿದ್ದಲು ಸ್ಥಾವರಗಳ ಪಾದರಸ ಸುಮಾರು 90% ಇಳಿಯಿತು. ಕೆಲವು ಸ್ಥಾವರ ಮುಚ್ಚಿದ್ದೂ ಅದರಲ್ಲಿ ಸೇರಿದೆ ಅನ್ನಿ.

ಈ ಇದ್ದಿಲನ್ನು ಕಲ್ಲಿದ್ದಲಿನಿಂದಲೂ ಮಾಡ್ತಾರೆ, ತೆಂಗಿನ ಕರಟದಿಂದಲೂ ಮಾಡ್ತಾರೆ. ನಮ್ಮದು ತುಮಕೂರು ಜಿಲ್ಲೆ. ತಿಪಟೂರು ಕೊಬ್ಬರಿಗೆ ಪ್ರಸಿದ್ಧ, ನಮ್ಮ ನಾಲ್ಕು ತಾಲ್ಲೂಕಿನಲ್ಲೂ ನೀರಿದ್ದ ಕಡೆ ತೆಂಗು ಇದೆ. ಕೊಬ್ಬರಿ ಮಾರಿ ಕರಟವನ್ನು ಬಚ್ಚಲ ಒಲೆಗೆ ಹಾಕ್ತೀವಿ, ಇಲ್ಲಾ ಸುಡುವವರಿಗೆ ಚಿಲ್ಲರೆ ಕಾಸಿಗೆ ಕೊಡ್ತೀವಿ. ದೇಶದ ಸ್ಥಾವರಗಳೆಲ್ಲ ಕಾರ್ಬನ್ ಊದಲೇಬೇಕು ಅಂತ ನಾಳೆ ಕಾನೂನು ಬಂದರೆ ಕರಟದ ಬೆಲೆ ಎಲ್ಲಿಗೆ ಹೋಗುತ್ತೆ ಅಂತ ಒಂದು ಸಲ ಯೋಚನೆ ಬಂತು.

ಆದರೆ ಬರಲ್ಲ. ಯಾಕೆ ಬರಲ್ಲ ಅಂತ ಹೇಳ್ತೀನಿ, ಇದು ಸ್ವಲ್ಪ ಸಿಟ್ಟು ಬರುವ ಭಾಗ.

2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಮೊದಲ ಸಲ ಥರ್ಮಲ್ ಸ್ಥಾವರಗಳ ಪಾದರಸಕ್ಕೆ ಮಿತಿ ಹಾಕಿತು. ಒಂದು ಘನ ಮೀಟರ್ ಹೊಗೆಯಲ್ಲಿ 0.03 ಮಿಲಿಗ್ರಾಂ ಮೀರಬಾರದು. ಒಳ್ಳೇದೇ. ಈಗ ನನ್ನ ಲೆಕ್ಕ ನೋಡಿ. ನಮ್ಮ ಒಂದು ಟನ್ ಕಲ್ಲಿದ್ದಲು ಸುಟ್ಟರೆ ಅಂದಾಜು ಐದೂವರೆ ಸಾವಿರ ಘನ ಮೀಟರ್ ಹೊಗೆ. ಅದರಲ್ಲಿರುವ ಪಾದರಸ 140 ಮಿಲಿಗ್ರಾಂ. ಭಾಗಿಸಿ. 0.025 ಬರುತ್ತೆ. ಅಂದರೆ ಒಂದು ಗ್ರಾಂ ಕೂಡ ಹಿಡಿಯದೆ ಪೂರ್ತಿ ಪಾದರಸ ಹೊರಗೆ ಬಿಟ್ಟರೂ ಸರಾಸರಿ ಕಲ್ಲಿದ್ದಲಿನ ಸ್ಥಾವರ ಪಾಸು! ಬೂದಿ ಯಂತ್ರ ಹಿಡಿದಿದ್ದನ್ನು ಕಳೆದರೆ ಡಿಸ್ಟಿಂಕ್ಷನ್. ಚೀನಾ 2011ರಲ್ಲಿ ಹಾಕಿದ ಮಿತಿಯೂ ಇದೇ 0.03, ಆದರೆ ಅಲ್ಲಿ ಗಂಧಕದ ಘಟಕಗಳನ್ನು ಹೆಚ್ಚುಕಡಿಮೆ ಎಲ್ಲ ಕಡೆ ಹಾಕಿಬಿಟ್ಟರು. ಅಮೆರಿಕದ ಮಿತಿ ನಮ್ಮದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಬಿಗಿ.

ಇನ್ನೊಂದು ಇದೆ. ಅದೇ ಅಧಿಸೂಚನೆ ಪ್ರಕಾರ 2003ಕ್ಕೂ ಹಿಂದಿನ ಘಟಕಗಳಾದರೆ 500 ಮೆಗಾವ್ಯಾಟ್ ಅಥವಾ ಹೆಚ್ಚಿದ್ದರೆ ಮಾತ್ರ ಪಾದರಸದ ಮಿತಿ. ನಾನು ಹೆಲ್ಮೆಟ್ ಹಾಕಿ ಫೋಟೋ ತೆಗೆಸಿಕೊಂಡ ಶಕ್ತಿನಗರದಲ್ಲಿ ಎಂಟು ಘಟಕ ಇವೆ. ಅದರಲ್ಲಿ ಏಳು ತಲಾ 210 ಮೆಗಾವ್ಯಾಟಿನವು, ಮೊದಲನೆಯದು 1985ರದ್ದು, ಏಳನೆಯದು 2002ರದ್ದು. ಆ ಏಳಕ್ಕೂ ಪಾದರಸದ ಮಿತಿಯೇ ಅನ್ವಯ ಆಗಲ್ಲ. ಹಳೇ ಘಟಕಕ್ಕೆ ಹೊಸ ಯಂತ್ರ ಕೂರಿಸಿದರೆ ಕರೆಂಟ್ ದರ ಏರುತ್ತೆ ಅನ್ನೋದು ವಾದ. ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದರೆ ಹಳೇದು ಅಂತ ರಿಯಾಯಿತಿ ಕೊಟ್ಟ ಮೇಲೆ ಅದನ್ನು ಎಷ್ಟು ವರ್ಷ ಓಡಿಸ್ತೀರಿ ಅಂತಲೂ ಅದೇ ಕಾಗದದಲ್ಲಿ ಬರೀಬೇಕಿತ್ತು.

ಗಂಧಕದ ಘಟಕದ ಕಥೆ ಇನ್ನೂ ಉದ್ದ. ಮೊದಲ ಗಡುವು 2017. ಅದು 2022 ಆಯಿತು, ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಸರ್ಕಾರ ದೊಡ್ಡ ನಗರಗಳ, ಹೆಚ್ಚು ಮಲಿನವಾದ ಪ್ರದೇಶಗಳ ಹತ್ತು ಕಿಲೋಮೀಟರ್ ಒಳಗೆ ಇಲ್ಲದ ಸ್ಥಾವರಗಳಿಗೆ ಈ ಘಟಕ ಬೇಕಿಲ್ಲ ಅಂದುಬಿಟ್ಟಿತು. ದೇಶದ ಮುಕ್ಕಾಲು ಪಾಲು ಘಟಕಗಳು ಇದರಲ್ಲಿ ಬರುತ್ತವೆ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕವೇ ಕಮ್ಮಿ, ಇಷ್ಟು ಖರ್ಚು ಯಾಕೆ ಅನ್ನೋದು ಸಮರ್ಥನೆ. ಗಂಧಕದ ಮಟ್ಟಿಗೆ ಅದು ಚರ್ಚೆಯ ವಿಷಯ. ಆದರೆ ಗಂಧಕದ ಹೆಸರಿನಲ್ಲಿ ಪಾದರಸವೂ ಪುಕ್ಕಟೆಯಾಗಿ ಸಿಕ್ಕಿಬೀಳುತ್ತಿತ್ತಲ್ಲ, ಆ ಮಾತನ್ನು ಯಾರೂ ಎತ್ತಲಿಲ್ಲ. ನಾವು ಚಾನೆಲ್‌ನವರೂ ಎತ್ತಲಿಲ್ಲ. ಆ ವಾರ ನಾವು ಬೇರೆ ಏನೋ ಕಿರುಚಾಡ್ತಾ ಇದ್ದೆವು.

ಸರಿ, ಚಿಕ್ಕಪ್ಪನ ಇಟ್ಟಿಗೆಗೆ ಬರ್ತೀನಿ.

ಹಿಡಿದ ಪಾದರಸ ಮಾಯ ಆಗಲ್ಲ. ಗಾಳಿಗೆ ಹೋಗುವ ಬದಲು ಬೂದಿಗೆ, ಜಿಪ್ಸಂಗೆ, ಕಾರ್ಬನ್ ಪುಡಿಗೆ ಬಂದು ಕೂರುತ್ತೆ. ಹಾಗಾದರೆ ಬೂದಿ ಇಟ್ಟಿಗೆಯಲ್ಲಿ ಪಾದರಸ ಇದೆಯಾ? ಇದೆ. ಎಷ್ಟು ಅನ್ನೋದಕ್ಕೆ ಅತಿ ಕೆಟ್ಟ ಲೆಕ್ಕವನ್ನೇ ಹಾಕೋಣ. ಟನ್ ಕಲ್ಲಿದ್ದಲಿನ 0.14 ಗ್ರಾಂ ಪಾದರಸ ಅಷ್ಟೂ ಅದರ 350 ಕೆಜಿ ಬೂದಿಗೇ ಸೇರಿತು ಅಂದುಕೊಳ್ಳಿ. ಕೆಜಿ ಬೂದಿಗೆ 0.4 ಮಿಲಿಗ್ರಾಂ ಆಯಿತು. ಒಂದು ಇಟ್ಟಿಗೆಯಲ್ಲಿ ಒಂದೂವರೆ ಕೆಜಿ ಬೂದಿ ಇದ್ದರೆ 0.6 ಮಿಲಿಗ್ರಾಂ. ಹತ್ತು ಸಾವಿರ ಇಟ್ಟಿಗೆಯ ಮನೆಗೆ 6 ಗ್ರಾಂ. ಹಳೇ ಕಾಲದ ಜ್ವರದ ಕಡ್ಡಿಯಲ್ಲಿ ಅರ್ಧದಿಂದ ಒಂದು ಗ್ರಾಂ ಪಾದರಸ ಇರುತ್ತಿತ್ತು. ನಿಜವಾದ ಲೆಕ್ಕ ಇದಕ್ಕಿಂತ ಕಮ್ಮಿಯೇ ಇರುತ್ತೆ, ಯಾಕೆಂದರೆ ಒಳ್ಳೆಯ ಪಾಲು ಚಿಮಣಿಯಲ್ಲಿ ಹೋಗಿರುತ್ತೆ.

ಆರು ಗ್ರಾಂ ಅಂದಾಗ ಚಿಕ್ಕಪ್ಪ ಫೋನಿನಲ್ಲಿ ಸುಮ್ಮನಾದರು. ಆದ್ದರಿಂದ ಮುಂದಿನ ಮಾತು ಮುಖ್ಯ. ಎಷ್ಟಿದೆ ಅನ್ನೋದು ಒಂದು, ಅದು ಹೊರಗೆ ಬರುತ್ತಾ ಅನ್ನೋದು ಇನ್ನೊಂದು. ಜ್ವರದ ಕಡ್ಡಿ ಒಡೆದರೆ ಪಾದರಸ ಹನಿಯಾಗಿ ನೆಲದ ಮೇಲೆ ಓಡುತ್ತೆ, ಆವಿ ಬಿಡುತ್ತೆ. ಬೂದಿಯಲ್ಲಿ ಅದು ಇದ್ದಿಲ ಕಣದ ತೂತಿನೊಳಗೆ ಕೂತಿದೆ, ಸುತ್ತ ಸುಣ್ಣ, ಸಿಮೆಂಟು ಗಟ್ಟಿಯಾಗಿದೆ. ಅದನ್ನು ಬಿಡಿಸಬೇಕಾದರೆ ಚೆನ್ನಾಗಿ ಕಾಯಿಸಬೇಕು. ಬೂದಿ ಇಟ್ಟಿಗೆಯನ್ನು ಗೂಡಿನಲ್ಲಿ ಸುಡಲ್ಲ ಅನ್ನೋದು ಇಲ್ಲಿ ನಮ್ಮ ಪುಣ್ಯ. ಬೂದಿ, ಸುಣ್ಣ ಅಥವಾ ಸಿಮೆಂಟ್, ಜಿಪ್ಸಂ, ಕಲ್ಲುಪುಡಿ ಕಲಸಿ ಒತ್ತಿ, ನೀರು ಹಾಕಿ ಕ್ಯೂರಿಂಗ್ ಮಾಡ್ತಾರೆ. ಬೆಂಕಿಯೇ ಇಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2014ರಲ್ಲಿ ಬೂದಿ ಹಾಕಿದ ಕಾಂಕ್ರೀಟನ್ನು, ಎಫ್‌ಜಿಡಿ ಜಿಪ್ಸಂನ ಗೋಡೆ ಹಲಗೆಯನ್ನು ಪರಿಶೀಲಿಸಿ, ಇವುಗಳಿಂದ ಹೊರಬರುವುದು ಮಾಮೂಲಿ ಸಾಮಾನಿಗಿಂತ ಹೆಚ್ಚೇನಲ್ಲ ಅಂತ ಹೇಳಿದೆ.

ಮಣ್ಣಿನ ಇಟ್ಟಿಗೆಗೇ ಬೂದಿ ಬೆರೆಸಿ ಗೂಡಿನಲ್ಲಿ ಸುಡೋದೂ ಇದೆ. 1999ರ ಮೊದಲ ಬೂದಿ ಅಧಿಸೂಚನೆಯೇ ಸ್ಥಾವರದ 50 ಕಿಲೋಮೀಟರ್ ಒಳಗಿನ ಇಟ್ಟಿಗೆ ಗೂಡುಗಳು ಕಾಲು ಭಾಗ ಬೂದಿ ಬೆರೆಸಬೇಕು ಅಂದಿತ್ತು. ಮಣ್ಣು ಉಳಿಸುವುದಕ್ಕೆ ಅದು ಒಳ್ಳೆಯ ಯೋಚನೆ. ಆದರೆ ಪಾದರಸದ ಮಟ್ಟಿಗೆ ಎರಡನೇ ಚಿಮಣಿ. ಸ್ಥಾವರದಲ್ಲಿ ಹಿಡಿದಿದ್ದು ಗೂಡಿನಲ್ಲಿ ಮತ್ತೆ ಆವಿ. ಸಿಮೆಂಟಿನಲ್ಲೂ ಹೀಗೇ. ಸುಟ್ಟು ತೆಗೆದ ಕ್ಲಿಂಕರಿನ ಜೊತೆ ಆಮೇಲೆ ಬೂದಿ ಅರೆದು ಸೇರಿಸಿದರೆ ತೊಂದರೆ ಇಲ್ಲ, ನಾವು ತರುವ ಪಿಪಿಸಿ ಚೀಲದಲ್ಲಿ 35% ತನಕ ಬೂದಿ ಇರಬಹುದು. ಅದೇ ಬೂದಿಯನ್ನು ಸುಣ್ಣಕಲ್ಲಿನ ಜೊತೆ ಗೂಡಿಗೇ ಹಾಕಿದರೆ ಪಾದರಸ ಅಲ್ಲಿನ ಚಿಮಣಿಯಲ್ಲಿ ಹೋಗುತ್ತೆ. ಅದೇ ಬೂದಿ, ಹಾಕುವ ಜಾಗ ಬೇರೆ, ಫಲ ಬೇರೆ.

ನನಗೆ ಇಟ್ಟಿಗೆಗಿಂತ ಜಾಸ್ತಿ ಯೋಚನೆ ಇರೋದು ಜಿಪ್ಸಂ ಮೇಲೆ. ನಮ್ಮ ಪಾವಗಡ, ಸಿರಾ, ಮಧುಗಿರಿ ಕಡ್ಲೆಕಾಯಿ ಸೀಮೆ. ಹೂವು ಬಂದು ಕಾಯಿ ಕಟ್ಟುವ ಹೊತ್ತಿಗೆ ಎಕರೆಗೆ ಇನ್ನೂರು ಕೆಜಿ ಜಿಪ್ಸಂ ಹಾಕಿ ಅಂತ ಕೃಷಿ ಇಲಾಖೆಯವರು ಹೇಳ್ತಾರೆ. ಕಾಯಿ ಗಟ್ಟಿಯಾಗಲು ಸುಣ್ಣದ ಅಂಶ, ಎಣ್ಣೆಗೆ ಗಂಧಕ, ಎರಡೂ ಅದರಲ್ಲಿವೆ. ಚೌಳು ಮಣ್ಣಿಗೂ ಅದೇ ಮದ್ದು. ಹೊಗೆ ತೊಳೆದ ಘಟಕದಲ್ಲಿ ಸಿಗುವುದೂ ಜಿಪ್ಸಂ, ಗಣಿಯದಕ್ಕಿಂತ ನಯ, ಕೆಲವು ಸಲ ಶುದ್ಧವೂ ಹೌದು. ಅಮೆರಿಕದಲ್ಲಿ ಅದನ್ನು ಹೊಲಕ್ಕೆ ಹಾಕ್ತಾರೆ. ನಾಳೆ ಬಳ್ಳಾರಿಯಿಂದಲೋ ಕೂಡಗಿಯಿಂದಲೋ ಅಗ್ಗದ ಜಿಪ್ಸಂ ನಮ್ಮ ಹೊಲಕ್ಕೂ ಬರಬಹುದು. ಬರಲಿ, ನಾನು ಬೇಡ ಅನ್ನಲ್ಲ. ಆದರೆ ಗೋಡೆಯೊಳಗೆ ಗಟ್ಟಿಯಾಗಿ ಕೂರುವುದು ಬೇರೆ, ವರ್ಷವರ್ಷವೂ ಮಣ್ಣಿಗೆ ಬೆರೆತು, ಮಳೆಗೆ ಕೊಚ್ಚಿ ಕೆರೆಗೆ ಹೋಗುವುದು ಬೇರೆ. ತೊಳೆಯುವ ಘಟಕದಲ್ಲಿ ಪಾದರಸ ಹೆಚ್ಚಾಗಿ ಕೂರುವುದು ಅತಿ ಸಣ್ಣ ಕಣಗಳಲ್ಲಿ. ಅವನ್ನು ಬೇರ್ಪಡಿಸಿ ತೆಗೆದರೆ ಉಳಿದ ಜಿಪ್ಸಂ ಎಷ್ಟೋ ಶುದ್ಧ. ಮಾಡಿದ್ದಾರಾ, ಇಲ್ವಾ ಅಂತ ಚೀಲದ ಮೇಲೆ ಬರೆದಿರಬೇಕು. ರಸಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟು ಅಂತ ಬರೆಯೋ ಹಾಗೆ ಪಾದರಸ ಎಷ್ಟು ಅಂತ.

ಕಾರ್ಬನ್ ಪುಡಿಯದು ಇನ್ನೊಂದು ತಲೆನೋವು. ಅದನ್ನು ಬೂದಿಯ ಯಂತ್ರಕ್ಕೂ ಮುಂಚೆ ಊದಿದರೆ ಬೂದಿಗೆ ಬೆರೆತುಹೋಗುತ್ತೆ. ಬೂದಿಯಲ್ಲಿ ಪಾದರಸ ಜಾಸ್ತಿ ಆಗೋದು ಒಂದು, ಕಾರ್ಬನ್ ಬೆರೆತ ಬೂದಿ ಕಾಂಕ್ರೀಟಿಗೂ ಸರಿಹೋಗಲ್ಲ. ಮಾರಾಟವಾಗುತ್ತಿದ್ದ ಬೂದಿ ಗುಡ್ಡೆ ಬೀಳುತ್ತೆ. ಇದಕ್ಕೆ ಇಂಜಿನಿಯರುಗಳು ಕಂಡುಕೊಂಡ ಉಪಾಯ ಬಹಳ ಸರಳ. ಮೊದಲು ಬೂದಿಯನ್ನು ಪೂರ್ತಿ ಹಿಡಿದು ಪಕ್ಕಕ್ಕೆ ಇಡಿ, ಆಮೇಲೆ ಕಾರ್ಬನ್ ಊದಿ, ಅದನ್ನು ಬೇರೆಯೇ ಚೀಲದ ಜರಡಿಯಲ್ಲಿ ಹಿಡಿಯಿರಿ. ಬೂದಿ ಶುದ್ಧ, ವಿಷ ಎಲ್ಲಾ ಒಂದು ಸಣ್ಣ ಮೂಟೆಯಲ್ಲಿ. ಖರ್ಚು ಜಾಸ್ತಿ, ಅಷ್ಟೇ. ನನ್ನ ಓಟು ಇದಕ್ಕೇ. ಬೂದಿಗೆ 2021ರ ಅಧಿಸೂಚನೆ ನೂರಕ್ಕೆ ನೂರು ಬಳಕೆ ಕಡ್ಡಾಯ ಮಾಡಿದೆ, 300 ಕಿಲೋಮೀಟರ್ ಸುತ್ತಳತೆಯ ಕಟ್ಟಡಗಳಲ್ಲಿ ಬೂದಿ ಇಟ್ಟಿಗೆ ಬಳಸಬೇಕು ಅಂತಿದೆ. ಕುಡತಿನಿಯಿಂದ ಅಳತೆ ಹಾಕಿದರೆ ನಮ್ಮ ನಾಲ್ಕೂ ತಾಲ್ಲೂಕು ಒಳಗೇ ಬಂದವು. ಅಷ್ಟು ಜನರ ಗೋಡೆಗೆ ಹೋಗುವ ಸಾಮಾನು ಶುದ್ಧವಾಗಿರಬೇಕು ಅನ್ನೋದು ಅತಿಯಾಸೆ ಅಲ್ಲ.

ಆ ಮೂಟೆಯಲ್ಲಿರುವ ಪಾದರಸವನ್ನು ಕಾಯಿಸಿ ಮತ್ತೆ ತೆಗೆಯಬಹುದು. ಆದರೆ ಈಗ ಯಾರಿಗೆ ಬೇಕು? ಜ್ವರದ ಕಡ್ಡಿ ಡಿಜಿಟಲ್ ಆಯಿತು, ಬಲ್ಬು ಎಲ್‌ಇಡಿ ಆಯಿತು. ಉಳಿದಿರುವ ದಾರಿ ಅದನ್ನು ಗಂಧಕದ ಜೊತೆ ಸೇರಿಸಿ ಇಂಗಳೀಕ ಮಾಡೋದು. ಪಾದರಸ ಭೂಮಿಯಲ್ಲಿ ಸಿಗುವುದೇ ಆ ಕೆಂಪು ಕಲ್ಲಿನ ರೂಪದಲ್ಲಿ. ಅದು ನೀರಿಗೆ ಕರಗಲ್ಲ, ಆವಿ ಬಿಡಲ್ಲ. ಯುರೋಪಿನಲ್ಲಿ ಹಾಗೆ ಮಾಡಿ ಹಳೆಯ ಉಪ್ಪಿನ ಗಣಿಗಳ ಆಳದಲ್ಲಿ ಇಡ್ತಾರೆ. ಹೀಗೆ ಮಾಡದೆ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಜಪಾನಿಗೆ ಹೋಗಬೇಕಾಗಿಲ್ಲ. ಕೊಡೈಕನಾಲಿನಲ್ಲಿ ಹಿಂದೂಸ್ತಾನ್ ಲಿವರ್‌ನ ಥರ್ಮಾಮೀಟರ್ ಕಾರ್ಖಾನೆ ಇತ್ತು. ಪಾದರಸ ಅಂಟಿದ ಒಡೆದ ಗಾಜು ಊರಿನ ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿದ್ದು ಹೊರಗೆ ಬಂದ ಮೇಲೆ 2001ರಲ್ಲಿ ಮುಚ್ಚಿತು. ಆ ಮಣ್ಣನ್ನು ಎಷ್ಟು ಶುದ್ಧ ಮಾಡಬೇಕು ಅನ್ನುವ ಜಗಳ ಆಮೇಲೆ ವರ್ಷಗಟ್ಟಲೆ ನಡೆಯಿತು.

ಮುಂದಿನ ಭಾನುವಾರ ನಾನೇ ಫೋನ್ ಮಾಡಿದೆ. ಕಟ್ಟಿ ಚಿಕ್ಕಪ್ಪಾ, ಆದರೆ ಮೂರು ಮಾತು ಅಂದೆ. ಇಟ್ಟಿಗೆ ಗೂಡಿನಲ್ಲಿ ಸುಟ್ಟಿದ್ದಲ್ಲ, ಕ್ಯೂರಿಂಗ್ ಮಾಡಿದ್ದು ಅಂತ ಹೋಗಿ ನೋಡಿ. ಬೂದಿ ಯಾವ ಸ್ಥಾವರದ್ದು, ಪರೀಕ್ಷೆ ಮಾಡಿದ ಕಾಗದ ಇದೆಯಾ ಕೇಳಿ. ಇಟ್ಟಿಗೆ ಕತ್ತರಿಸುವಾಗ ನೀರು ಚಿಮುಕಿಸಿ, ಕೆಲಸದವರಿಗೆ ಮೂಗಿಗೆ ಬಟ್ಟೆ ಕಟ್ಟಿಸಿ, ಮಗುವನ್ನು ಆ ಹೊತ್ತು ಹತ್ತಿರ ಬಿಡಬೇಡಿ. ಆ ದೂಳಿನಲ್ಲಿ ಪಾದರಸಕ್ಕಿಂತ ಶ್ವಾಸಕೋಶ ಕೊರೆಯುವ ಸಿಲಿಕಾ ದೊಡ್ಡ ಶತ್ರು. ಗೋಡೆ ಎದ್ದು ಗಿಲಾವು ಆದ ಮೇಲೆ ಭಯ ಬೇಡ.

ಚಿಕ್ಕಪ್ಪ ಎಲ್ಲಾ ಕೇಳಿಸಿಕೊಂಡರು. "ಕಾಗದ ಕೇಳಿದೆ ಕಣಪ್ಪಾ. ಇಟ್ಟಿಗೆಯವನು ನಕ್ಕ. ಹತ್ತು ವರ್ಷದಿಂದ ಮಾರ್ತಾ ಇದೀನಿ, ಮೊದಲನೇ ಸಲ ಕೇಳ್ತಾ ಇರೋದು ನೀವೇ ಅಂದ. ಆದರೆ ತರಿಸಿಕೊಡ್ತೀನಿ ಅಂದವ್ನೆ." ಕಾಗದ ಇನ್ನೂ ಬಂದಿಲ್ಲ. ಗೋಡೆ ಕಿಟಕಿ ಮಟ್ಟಕ್ಕೆ ಬಂದಿದೆ.